ಎರಡು ಊಟಗಳ ನಡುವಿನ ಹೊತ್ತು

ಹೋದ ವರ್ಷ ಚಿಂತಾಮಣಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗುವಾಗ ಬಸ್ಸು ಶಿಡ್ಲಘಟ್ಟದ ಒಳಗೇ ಹಾದುಹೋಯಿತು. ಕಿಟಕಿಯಿಂದ ಆ ವಾಸನೆ ಬಂತು. ರೇಷ್ಮೆಗೂಡನ್ನು ಕುದಿಯುವ ನೀರಿಗೆ ಹಾಕಿ ನೂಲು ತೆಗೆಯುವ ಕಡೆ ಏಳುವ, ಬೆಂದ ಹುಳದ ವಾಸನೆ. ಮುಂದಿನ ಸೀಟಿನ ಹುಡುಗಿಯರಿಬ್ಬರು ದುಪಟ್ಟಾದಿಂದ ಮೂಗು ಮುಚ್ಚಿಕೊಂಡರು. ದಿನಾ ಓಡಾಡುವ ಕಂಡಕ್ಟರ್ ಕೂಡ ಮುಖ ಸಿಂಡರಿಸಿದ. ನನಗೆ ಹಸಿವಾಯಿತು.

ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ನಾನು ಜೈನರ ಮನೆಯ ಮಗಳು. ಕುಡಿಯುವ ನೀರಿನಲ್ಲಿ ಕಣ್ಣಿಗೆ ಕಾಣದ ಜೀವ ಇದ್ದೀತು ಎಂದು ಬಟ್ಟೆಯಲ್ಲಿ ಸೋಸಿ ಕುಡಿಯುವವಳು. ಅಂಥವಳಿಗೆ ಸಾವಿರಾರು ಹುಳ ಬೇಯುವ ವಾಸನೆಗೆ ಹಸಿವಾಗುತ್ತದೆ ಎಂದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಹೊಟ್ಟೆಗೆ ಅದರದೇ ಒಂದು ನೆನಪಿರುತ್ತದೆ. ಐವತ್ತೆಂಟರ ಜೂನಿನಿಂದ ಐವತ್ತೊಂಬತ್ತರ ಯುಗಾದಿಯವರೆಗೆ ನಾನು ಆ ಊರಿನಲ್ಲಿ ಟೀಚರಾಗಿದ್ದೆ, ಆ ವಾಸನೆಯ ನಡುವೆಯೇ ದಿನಾ ಸಂಜೆ ಐದಕ್ಕೆ ಒಬ್ಬಳೇ ಕೂತು ಉಣ್ಣುತ್ತಿದ್ದೆ.

ನನಗಾಗ ಇಪ್ಪತ್ತೆರಡು ವರ್ಷ. ಹಾಸನದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಹಟ ಹಿಡಿದು ಓದಿಸಿದ್ದರು. ಕೆಲಸದ ಆರ್ಡರು ಬಂದಾಗ ಮಾತ್ರ ಅವರಿಗೂ ಗಾಬರಿಯಾಯಿತು, ಏಕೆಂದರೆ ಶಿಡ್ಲಘಟ್ಟದಲ್ಲಿ ನಮ್ಮವರು ಅಂತ ಒಂದು ಮನೆಯೂ ಇರಲಿಲ್ಲ, ಬಸದಿಯಂತೂ ಇಲ್ಲವೇ ಇಲ್ಲ. ಹಾಸಿಗೆ ಸುರುಳಿ, ಹಿತ್ತಾಳೆ ಬಿಂದಿಗೆ, ಪಾರ್ಶ್ವನಾಥಸ್ವಾಮಿಯ ಒಂದು ಪಟ ಹೊತ್ತುಕೊಂಡು ನನ್ನನ್ನು ಬಿಡಲು ಬಂದರು. ಒಂಟಿ ಹುಡುಗಿಗೆ ಮನೆ ಕೊಡುವವರು ಯಾರು? ಬೀದಿ ಬೀದಿ ಅಲೆದ ಮೇಲೆ ನಾರಾಯಣಮ್ಮ ಎಂಬ ಒಕ್ಕಲಿಗರ ಹೆಂಗಸು ತಮ್ಮ ಮನೆಯ ಹಿಂದಿನ ಕೋಣೆ ತೋರಿಸಿದರು. ಮುಂದಿನ ಪಡಸಾಲೆಯಲ್ಲಿ ಅವರು ರೇಷ್ಮೆಹುಳ ಸಾಕುತ್ತಿದ್ದರು. ಅಲ್ಲಿಗೆ ಹೊರಗಿನವರು ಕಾಲಿಡುವ ಹಾಗಿಲ್ಲ, ಹುಳಕ್ಕೆ ದೃಷ್ಟಿ, ಮೈಲಿಗೆ ಎರಡೂ ಆಗುವುದಿಲ್ಲ.

"ನೀವು ಯಾವ ಜನ?" ಎಂದು ನಾರಾಯಣಮ್ಮ ಅಪ್ಪನನ್ನು ಕೇಳಿದರು.

"ಜೈನರಮ್ಮ."

"ಓ, ಸೇಟುಗಳಾ? ಮತ್ತೆ ಕನ್ನಡ ಇಷ್ಟು ಚೆನ್ನಾಗಿ ಮಾತಾಡ್ತೀರಿ?"

ಆ ಊರಿಗೆ ಗೊತ್ತಿದ್ದ ಜೈನರೆಂದರೆ ಬಟ್ಟೆ ಅಂಗಡಿ, ಗಿರವಿ ಅಂಗಡಿ ಇಟ್ಟಿದ್ದ ಮಾರವಾಡಿಗಳು. ನಾವು ಹಾಸನದ ಕಡೆಯ ಕನ್ನಡದವರೇ, ತಲೆತಲಾಂತರದಿಂದ ಇಲ್ಲೇ ಇರುವವರು ಎಂದು ಅಪ್ಪ ಕೂತು ವಿವರಿಸಿದರು. ನಾರಾಯಣಮ್ಮ ಎಲ್ಲಕ್ಕೂ ತಲೆಯಾಡಿಸಿದರು. ಆಮೇಲೆ ವರ್ಷವಿಡೀ ಬೀದಿಯಲ್ಲಿ ನನ್ನನ್ನು "ನಮ್ಮ ಸೇಟಮ್ಮ" ಎಂದೇ ಕರೆದರು. ದೀಪಾವಳಿಗೆ ಮುಂಚೆ ಒಂದು ದಿನ ಸೆರಗಿನ ಗಂಟು ಬಿಚ್ಚಿ ಮೊಮ್ಮಗಳ ಓಲೆ ತೋರಿಸಿ, ಗಿರವಿಗೆ ಇಟ್ಟುಕೊಳ್ಳುತ್ತೀರಾ ಎಂದು ಪಿಸುಮಾತಿನಲ್ಲಿ ಕೇಳಿದ್ದೂ ಉಂಟು.

ಕೋಣೆ ಅಗ್ಗಕ್ಕೆ ಯಾಕೆ ಸಿಕ್ಕಿತು ಎಂಬುದು ಅಪ್ಪ ಸಂಜೆಯ ಗಾಡಿ ಹತ್ತಿದ ಮೇಲೆ ಗೊತ್ತಾಯಿತು. ಹಿತ್ತಲ ಗೋಡೆಯ ಆಚೆ ನೂಲು ತೆಗೆಯುವ ಷೆಡ್ಡು. ಒಲೆಗಳ ಮೇಲೆ ದೊಡ್ಡ ಬಾಣಲೆಗಳು, ಪಕ್ಕದಲ್ಲಿ ಕಿರ್ ಕಿರ್ ಎನ್ನುವ ಚರಕಗಳು, ಗೋಡೆ ಹತ್ತಿ ಈಚೆ ಬರುವ ಹಬೆ. ಎರಡು ದಿನ ನಾನು ತುತ್ತು ಬಾಯಿಗಿಡಲಾರದೆ ಹೋದೆ. ತಿಂಗಳು ತುಂಬುವ ಮುಂಚೆಯೇ ಹಾಸನದ ಕಡೆಗೆ ವರ್ಗ ಬೇಡಿ ಅರ್ಜಿ ಹಾಕಿದೆ. ಆ ವರ್ಷ ನನಗೆ ಬೇಕಾಗಿದ್ದು ಅದೊಂದೇ ಎಂದು ಆಗ ಅಂದುಕೊಂಡಿದ್ದೆ. ನಿಜಕ್ಕೂ ಬೇಕಾಗಿದ್ದು ಜೊತೆಗೆ ಕೂತು ಉಣ್ಣುವ ಒಂದು ಜನ. ಅದು ಅರ್ಥವಾಗುವುದಕ್ಕೆ ಒಂದಿಷ್ಟು ಕಾಲ ಹಿಡಿಯಿತು.

ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ದೀಪಕ್ಕೆ ಬರುವ ಹುಳಹುಪ್ಪಟೆ ಅನ್ನದಲ್ಲಿ ಬಿದ್ದು ಸತ್ತೀತು ಎಂಬ ಕಾರಣಕ್ಕೆ ಹಿಂದಿನವರು ಮಾಡಿಟ್ಟ ಕಟ್ಟು. ಹಾಸನದಲ್ಲಿ ಮನೆಮಂದಿಯೆಲ್ಲ ಬೆಳಕಿರುವಾಗಲೇ ಸಾಲಾಗಿ ಕೂತು ಉಣ್ಣುತ್ತಿದ್ದುದರಿಂದ ಅದೊಂದು ನಿಯಮ ಎಂದೇ ನನಗೆ ಅನ್ನಿಸಿರಲಿಲ್ಲ. ಶಿಡ್ಲಘಟ್ಟದಲ್ಲಿ ಅನ್ನಿಸಿತು. ಶಾಲೆ ಬಿಟ್ಟೊಡನೆ ಮಿಕ್ಕ ಟೀಚರುಗಳು ಒಬ್ಬರ ಮನೆಗೆ ಒಬ್ಬರು ಹೋಗಿ ಕಾಫಿ ಕುಡಿಯುತ್ತ ಹರಟುತ್ತಿದ್ದರೆ ನಾನು ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಮನೆಗೆ ಓಡುತ್ತಿದ್ದೆ. ಒಲೆ ಹಚ್ಚಿ, ಬೇಯಿಸಿ, ಉಂಡು, ಪಾತ್ರೆ ತೊಳೆದಿಟ್ಟರೆ ನನ್ನ ದಿನ ಮುಗಿಯಿತು. ಬೀದಿಯಲ್ಲಿ ಆಗ ತಾನೇ ಒಂದೊಂದೇ ಒಲೆ ಹತ್ತಿಕೊಳ್ಳುತ್ತಿತ್ತು. ಮುದ್ದೆ ತಿರುವುವ ಸದ್ದು, ಒಗ್ಗರಣೆಯ ಚುರ್ ಸದ್ದು, ಮಕ್ಕಳನ್ನು ಊಟಕ್ಕೆ ಕರೆಯುವ ಕೂಗು. ಊರಿಗೆ ಸಂಜೆ ಶುರುವಾಗುವಾಗ ನನಗೆ ಮಾಡಲು ಏನೂ ಉಳಿದಿರುತ್ತಿರಲಿಲ್ಲ.

ಮದುವೆ, ನಾಮಕರಣಕ್ಕೆ ಕರೆಯುತ್ತಿದ್ದರು. ಊಟ ರಾತ್ರಿಯಾದರೆ ನಾನು ತಾಂಬೂಲ ತೆಗೆದುಕೊಂಡು ಎದ್ದು ಬರುತ್ತಿದ್ದೆ. ಹಗಲಾದರೆ ಎಲೆಯ ಮೇಲೆ ಆಲೂಗಡ್ಡೆ, ಈರುಳ್ಳಿ. ನೆಲದೊಳಗೆ ಬೆಳೆಯುವ ಗಡ್ಡೆಗಳನ್ನೂ ನಾವು ತಿನ್ನುವುದಿಲ್ಲ. ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಆಲೂಗಡ್ಡೆ ಇಲ್ಲದ ಸಾರಿಲ್ಲ. ಎರಡು ಮೂರು ಸಲ ಹೀಗಾದ ಮೇಲೆ "ಟೀಚರಮ್ಮ ಭಾರಿ ಮಡಿ, ನಮ್ಮಂಥೋರ ಮನೇಲಿ ತಿನ್ನಲ್ಲ" ಎಂದು ಮಾತು ಹುಟ್ಟಿತು. ಆಮೇಲೆ ಕರೆಯುವುದೂ ನಿಂತಿತು. ಅವರನ್ನು ನಾನು ಕೀಳಾಗಿ ಕಂಡಿರಲಿಲ್ಲ, ಆದರೆ ಉಣ್ಣದವಳ ಮಾತನ್ನು ಉಣಬಡಿಸುವವರು ನಂಬುವುದು ಕಷ್ಟ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ನಮಗೆ ಅದು ಉಪವಾಸದ ಹಬ್ಬ. ಊರಲ್ಲಾಗಿದ್ದರೆ ಬಸದಿಯಲ್ಲಿ ಎಲ್ಲರ ಜೊತೆ ಕೂತು ಶಾಸ್ತ್ರ ಕೇಳುತ್ತ ಹಸಿವೇ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಪಟದ ಮುಂದೆ ಒಬ್ಬಳೇ ಕೂತು ಉಪವಾಸ ಮಾಡಿದೆ. ಒಲೆ ಹಚ್ಚದ ಮೂರನೆಯ ಸಂಜೆ, ಕತ್ತಲಾದ ಮೇಲೆ, ಹಿತ್ತಲ ಗೋಡೆಯ ಮೇಲೆ ಒಂದು ತಲೆ ಕಾಣಿಸಿತು.

"ಟೀಚರಮ್ಮ, ಮೈಯಾಗೆ ಹುಷಾರಿಲ್ವಾ? ನಿಮ್ಮ ಮನೇಲಿ ಹೊಗೇನೇ ಕಾಣ್ತಿಲ್ಲ. ಸಂಬಳ ಬಂದಿಲ್ವಾ ಏನು ಕತೆ?"

ಅವರು ಖೈರುನ್ನಿಸಾ. ಬೀದಿಯ ಬಾಯಲ್ಲಿ ಖೈರಮ್ಮ. ಗಂಡ ತೀರಿಕೊಂಡ ಮೇಲೆ ಅಣ್ಣನ ಷೆಡ್ಡಿನಲ್ಲಿ ಒಂದು ಚರಕ ನಡೆಸುತ್ತ, ಷೆಡ್ಡಿನ ಮೂಲೆಯಲ್ಲೇ ಇರುತ್ತಿದ್ದ ನಲವತ್ತರ ಹೆಂಗಸು. ಮಕ್ಕಳಿರಲಿಲ್ಲ. ದಿನವಿಡೀ ಬಿಸಿನೀರಿನಲ್ಲಿ ಕೈಯಾಡಿಸಿ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಆ ಕೈಯಲ್ಲಿ ಒಂದು ಬಟ್ಟಲು ಗಂಜಿ ಹಿಡಿದು ಗೋಡೆಯ ಮೇಲೆ ಚಾಚಿದ್ದರು. ಹೊತ್ತು ಮುಳುಗಿದೆ, ಉಪವಾಸ ಬೇರೆ, ಅದರ ಮೇಲೆ ಆ ಷೆಡ್ಡಿನ ಬಟ್ಟಲು. ನಾನು ಬೇಡ ಎಂದೆ. ಇದು ನಮ್ಮ ಹಬ್ಬ ಎಂದೂ ಹೇಳಿದೆ.

"ಹಬ್ಬದಾಗೆ ಒಲೆ ಹಚ್ಚಲ್ವಾ? ಎಂಥ ಹಬ್ಬಾನಮ್ಮ ಅದು," ಎಂದರು ಖೈರಮ್ಮ. ಆಮೇಲೆ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡು, "ಆಯ್ತು ಬಿಡಿ, ನಮ್ಮ ಕೈದು ಬ್ಯಾಡ ಅಂತೀರಿ," ಎಂದು ಇಳಿದುಹೋದರು. ಕರೆದು ಬಿಡಿಸಿ ಹೇಳಬೇಕಿತ್ತು. ನಾನು ಹೋಗಿ ಪಟದ ಮುಂದೆ ಕೂತೆ. ಆಮೇಲೆ ತಿಂಗಳುಗಟ್ಟಲೆ ಗೋಡೆಯಾಚೆಯಿಂದ ಚರಕದ ಸದ್ದು ಬಿಟ್ಟು ಬೇರೇನೂ ಬರಲಿಲ್ಲ.

ಚಳಿಗಾಲ ಬಂತು. ನಂದಿಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳ ಹಲ್ಲು ಕಟಕಟ ಎನ್ನುತ್ತಿತ್ತು. ಎಂಟನೆಯ ತರಗತಿಯ ಸಮಾಜಪಾಠದಲ್ಲಿ "ಪ್ರಪಂಚದ ಮತಗಳು" ಎಂಬ ಅಧ್ಯಾಯವಿತ್ತು. ಪುಸ್ತಕದಲ್ಲಿ ಎಲ್ಲವನ್ನೂ ಅಚ್ಚುಕಟ್ಟಾಗಿ ವಿಂಗಡಿಸಿದ್ದರು. ಪಶ್ಚಿಮ ಏಷ್ಯಾದಲ್ಲಿ ಹುಟ್ಟಿದವು: ಯಹೂದಿ, ಕ್ರೈಸ್ತ, ಇಸ್ಲಾಂ. ಒಬ್ಬನೇ ದೇವರು, ಒಂದು ಗ್ರಂಥ, ಸತ್ತ ಮೇಲೆ ಒಂದು ತೀರ್ಪಿನ ದಿನ. ನಮ್ಮ ದೇಶದಲ್ಲಿ ಹುಟ್ಟಿದವು: ಹಿಂದೂ, ಬೌದ್ಧ, ಜೈನ, ಸಿಖ್. ಕರ್ಮ, ಮತ್ತೆ ಮತ್ತೆ ಹುಟ್ಟು, ಕೊನೆಗೆ ಬಿಡುಗಡೆ. ಚೀನ, ಜಪಾನುಗಳಲ್ಲಿ ಹುಟ್ಟಿದವು ಮೂರನೆಯ ಗುಂಪು. ನಮ್ಮ ಶಾಲೆಯಲ್ಲಿ ಬಣ್ಣದ ಭೂಪಟ ಇರಲಿಲ್ಲ. ಹಾಗಾಗಿ ಜಗಲಿಯ ನೆಲಕ್ಕೆ ಸಗಣಿ ಸಾರಿಸಿ, ಬಿಳಿ ರಂಗೋಲಿಯಲ್ಲಿ ಖಂಡಗಳ ಗೆರೆ ಎಳೆದೆ. ಹುಡುಗಿಯರು ಮನೆಯಿಂದ ಬಣ್ಣದ ರಂಗೋಲಿ ಪುಡಿ ತಂದು ಮತಕ್ಕೊಂದು ಬಣ್ಣ ತುಂಬಬೇಕು.

ಯುರೋಪು, ಎರಡು ಅಮೆರಿಕಾಗಳು ನೀಲಿಯಾದವು. ಮೊರಾಕ್ಕೊದಿಂದ ಹಿಡಿದು ಅರಬ್ಬೀ ಮರುಭೂಮಿ ದಾಟಿ ಹಸಿರು ಓಡಿತು, ಮಧ್ಯೆ ಕಡಲು ಹಾರಿ ಜಾವಾದಲ್ಲಿ ಹೋಗಿ ಕೂತಿತು. ಸಿಂಹಳ, ಬರ್ಮಾಗಳಿಗೆ ಹಳದಿ. ಚೀನಾಕ್ಕೆ ಬಂದಾಗ ತಕರಾರು ಶುರುವಾಯಿತು. ಅಲ್ಲಿ ಒಂದೇ ಮನೆಯವರು ಎರಡು ಮೂರು ಮತಗಳನ್ನು ಒಟ್ಟಿಗೆ ನಡೆಸುತ್ತ ಬಂದವರು, ಬಣ್ಣಗಳನ್ನು ಬೆರೆಸಿ ಹಾಕಿ ಎಂದೆ.

"ಅದೆಂಗೆ ಟೀಚರ್ ಆಗ್ತದೆ?" ಎಂದಳು ಒಬ್ಬಳು.

ಅವಳ ಪಕ್ಕದವಳು ತಟ್ಟನೆ, "ಯಾಕಾಗಲ್ಲ ಕಣೇ? ನಮ್ಮಮ್ಮ ಬಾಬಯ್ಯನ ಹಬ್ಬದಾಗೆ ಹರಕೆ ಹೊತ್ಕೊಂಡು ಕೆಂಡ ತುಳೀತಾಳೆ. ಶನಿವಾರ ಆಂಜನೇಯನ ಗುಡೀಗೂ ಹೋಗ್ತಾಳೆ. ಹಂಗಾದ್ರೆ ನಮ್ಮನೆಗೂ ಎರಡು ಬಣ್ಣ," ಎಂದಳು. ಮೊಹರಮ್ಮಿಗೆ ಅಲ್ಲಿ ಬಾಬಯ್ಯನ ಹಬ್ಬ ಎನ್ನುತ್ತಾರೆ. ಪುಸ್ತಕ ಬರೆದವರಿಗೆ ಆ ಹುಡುಗಿಯ ಅಮ್ಮ ಗೊತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಊರಿನವರ ವಿಂಗಡಣೆಯೇ ಬೇರೆ. ತಿನ್ನುವವರು, ತಿನ್ನದವರು. ಹೂಳುವವರು, ಸುಡುವವರು. ಹುಳ ಸಾಕುವವರು, ಬೇಯಿಸುವವರು. ನಮ್ಮ ಸುತ್ತಮುತ್ತ ಸಾಕುವವರು ಒಕ್ಕಲಿಗರು, ನೂಲು ತೆಗೆಯುವವರು ಮುಸಲ್ಮಾನರು. ನಾರಾಯಣಮ್ಮ ಅದಕ್ಕೆ ಕಾರಣವನ್ನೂ ಕೊಡುತ್ತಿದ್ದರು: "ಸೊಪ್ಪು ಹಾಕಿ ಸಾಕಿರ್ತೀವಿ, ನಮ್ಮ ಕೈಯಾರೆ ಹೆಂಗಮ್ಮ ಬೇಯ್ಸೋದು? ಅದಕ್ಕೇ ಅವರಿಗೆ ಮಾರ್ಬಿಡ್ತೀವಿ." ನಮ್ಮ ಜೈನರಲ್ಲಿ ಹಿಂಸೆ ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು ಮೂರಕ್ಕೂ ಒಂದೇ ತೂಕ. ನಾನು ಅದನ್ನು ಅವರಿಗೆ ಹೇಳಲಿಲ್ಲ. ಬಾಡಿಗೆಗೆ ಇರುವವಳು ಎಲ್ಲವನ್ನೂ ಹೇಳುವುದಕ್ಕಾಗುವುದಿಲ್ಲ.

ಭೂಪಟ ತುಂಬಿದ ಮೇಲೆ ಹುಡುಗಿಯರು ಸುತ್ತ ನಿಂತು ನೋಡಿದರು. "ನಿಮ್ದು ಯಾವ ಬಣ್ಣ ಟೀಚರ್?" ಎಂದು ಒಬ್ಬಳು ಕೇಳಿದಳು.

"ನಮ್ಮವರು ಬಹಳ ಕಡಿಮೆ ಜನ. ಪ್ರಪಂಚದ ಭೂಪಟದಲ್ಲಿ ಕಾಣುವಷ್ಟು ಇಲ್ಲ," ಎಂದೆ. ಪಾಠ ಮಾಡುವ ದನಿಯಲ್ಲೇ ಹೇಳಿದ್ದೆ. ಆದರೂ ಅವತ್ತು ಮನೆಗೆ ಬಂದು ಬೆಳಕಿರುವಾಗಲೇ ತಟ್ಟೆ ಮುಂದೆ ಕೂತವಳು ಅನ್ನ ಕಲಸಿ ಹಾಗೇ ಬಿಟ್ಟೆ. ಅಷ್ಟು ದೊಡ್ಡ ಪ್ರಪಂಚವನ್ನು ಕೈಯಾರೆ ನೆಲದ ಮೇಲೆ ಬರೆದವಳಿಗೆ ತನಗೊಂದು ಚಿಟಿಕೆ ಪುಡಿ ಹಾಕಿಕೊಳ್ಳಲು ಜಾಗವಿರಲಿಲ್ಲ. ಕೂತಲ್ಲೇ ಅತ್ತುಬಿಟ್ಟೆ.

ಮಾರ್ಚಿನಲ್ಲಿ ಬಿಸಿಲು ಏರಿತು, ಪರೀಕ್ಷೆಗಳು ಹತ್ತಿರ ಬಂದವು, ಜೊತೆಗೆ ರಂಜಾನ್ ಕೂಡ ಬಂತು. ಷೆಡ್ಡಿನಲ್ಲಿ ಕೆಲಸ ಬೆಳಗ್ಗೆ ಬೇಗ ಶುರುವಾಗಿ ಮಧ್ಯಾಹ್ನಕ್ಕೇ ನಿಲ್ಲತೊಡಗಿತು. ಕುದಿಯುವ ಬಾಣಲೆಯ ಮುಂದೆ ತೊಟ್ಟು ನೀರು ಕುಡಿಯದೆ ಸಂಜೆವರೆಗೆ ಕೂರುವುದು ಸಾಧ್ಯವಿರಲಿಲ್ಲ. ಚರಕಗಳು ನಿಂತ ಸಂಜೆಗಳು ಇಷ್ಟೊಂದು ನಿಶ್ಶಬ್ದವಾಗಿರುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಒಂದು ದಿನ ಊಟ ಮುಗಿಸಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಗೋಡೆಯಾಚೆಯಿಂದ ಖೈರಮ್ಮನ ದನಿ ಬಂತು.

"ಅಲ್ಹಂದುಲಿಲ್ಲಾ. ಟೀಚರಮ್ಮ ಪಾತ್ರೆ ತೊಳೀತಾವ್ರೆ. ಇನ್ನೇನು ಹೊತ್ತು ಮುಳುಗ್ತದೆ."

ಅವರು ಯಾರಿಗೂ ಹೇಳಿದ್ದಲ್ಲ, ತಮಗೇ ಹೇಳಿಕೊಂಡದ್ದು. ನಾನು ಒಗೆಯುವ ಕಲ್ಲಿನ ಮೇಲೆ ಹತ್ತಿ ಗೋಡೆಯಾಚೆ ನೋಡಿದೆ. ಖೈರಮ್ಮ ತಣ್ಣಗಾದ ಒಲೆಯ ಪಕ್ಕದಲ್ಲಿ ಒಣಗಿದ ತುಟಿಗಳೊಂದಿಗೆ ಗೋಡೆಗೊರಗಿ ಕೂತಿದ್ದರು.

"ನನ್ನ ಪಾತ್ರೆ ಸದ್ದು ಕೇಳಿ ಹೊತ್ತು ನೋಡ್ತೀರಾ?" ಎಂದೆ.

"ಮತ್ತೆ? ನಿಮ್ಮ ಊಟ ಮುಗಿದ ಮೇಲೆ ತಾನೇ ನಮ್ಮದು. ನೀವು ಒಲೆ ಹಚ್ಚಿದ್ರೆ ಒಗ್ಗರಣೆ ವಾಸ್ನೆ ಬಂದು ಹೊಟ್ಟೆ ಉರೀತದೆ. ಪಾತ್ರೆ ತೊಳೆದ್ರೆ ಸಮಾಧಾನ ಆಗ್ತದೆ."

ನನಗೆ ನಗು ಬಂತು. ತಿಂಗಳುಗಳ ಮೇಲೆ ಇನ್ನೊಬ್ಬರ ಮುಂದೆ ನಕ್ಕಿದ್ದು. ಅವತ್ತೇ ನಮ್ಮ ಹಬ್ಬದ ವಿಷಯ, ಹೊತ್ತು ಮುಳುಗಿದ ಮೇಲೆ ತಿನ್ನದ ವಿಷಯ, ಗಂಜಿ ಬೇಡವೆಂದದ್ದರ ಕಾರಣ ಎಲ್ಲವನ್ನೂ ಬಿಡಿಸಿ ಹೇಳಿದೆ. ಖೈರಮ್ಮ ಕೇಳಿ, "ಅಲ್ಲಾ, ನೀವು ಮುಳುಗೋಕ್ ಮುಂಚೆ ತಿನ್ಬೇಕು, ನಾವು ಮುಳುಗಿದ್ ಮೇಲೆ ತಿನ್ಬೇಕು. ಇಬ್ರೂ ಒಂದೇ ಸೂರ್ಯನ್ನ ನೋಡ್ಕೊಂಡು ಕೂತಿರ್ತೀವಲ್ಲಾ," ಎಂದರು.

ಅಂದಿನಿಂದ ಅದೇ ರೂಢಿಯಾಯಿತು. ನನ್ನ ಊಟ ಆಗಿರುತ್ತಿತ್ತು, ಅವರದು ಆಗಬೇಕಿತ್ತು. ಆ ನಡುವಿನ ಅರ್ಧ ಗಂಟೆ ನಾನು ಕಲ್ಲಿನ ಮೇಲೆ, ಅವರು ಒಲೆಯ ಪಕ್ಕ. ಮಸೀದಿಯ ಕೂಗು ಕೇಳಿದ ತಕ್ಷಣ ಅವರು ಎದ್ದು ಹೋಗುತ್ತಿದ್ದರು. ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ಇದ್ದರೂ ನಾನು ಆ ಹೊತ್ತನ್ನು ಬಿಟ್ಟುಕೊಡುತ್ತಿರಲಿಲ್ಲ. ಶಾಲೆಯಲ್ಲಿ ಪಾಠ ಮಾಡುವಾಗಲೂ ಸಂಜೆಗೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಕೂಡಿಟ್ಟುಕೊಳ್ಳುತ್ತಿದ್ದೆ.

ಜಗಲಿಯ ಭೂಪಟದ ಕತೆಯನ್ನೂ ಹೇಳಿದೆ. ಸೂರ್ಯ ಎಲ್ಲ ಕಡೆ ಒಂದೇ ಸಲ ಮುಳುಗುವುದಿಲ್ಲ, ಜಾವಾದ ಕಡೆ ಮೊದಲು, ಆಮೇಲೆ ಬಂಗಾಳ, ಆಮೇಲೆ ನಾವು, ಅರಬ್ಬೀ ದೇಶ ನಮಗಿಂತ ತಡ, ಮೊರಾಕ್ಕೊ ಇನ್ನೂ ತಡ. ಉಪವಾಸ ಬಿಡುವುದು ಹೀಗೆ ಮೂಡಲಿಂದ ಪಡುವಲಿಗೆ ಊರೂರು ದಾಟಿಕೊಂಡು ಹೋಗುತ್ತದೆ ಎಂದೆ.

"ಜಾವಾದೋರು ಆಗ್ಲೇ ತಿಂದಿರ್ತಾರಾ?" ಖೈರಮ್ಮ ಎದ್ದು ಕೂತರು. "ನೋಡಿ ಅವರ ಅದೃಷ್ಟಾನ. ಮಕ್ಕಾದೋರಿಗಿಂತ ನಾವು ಮುಂಚೆ ಅಂತೀರಾ? ಅಯ್ಯೋ ಪಾಪ, ಅವರಿಗೆ ಇನ್ನೂ ಎಷ್ಟು ಹೊತ್ತದೆಯೋ." ಆಮೇಲೆ ದಿನಾ ಹಸಿವು ಜಾಸ್ತಿಯಾದಾಗ, "ಜಾವಾದೋರದ್ದು ಆಯ್ತಾ ಟೀಚರಮ್ಮ?" ಎಂದು ಕೇಳುವುದು ಒಂದು ತಮಾಷೆಯಾಯಿತು. ಆಯ್ತು, ಕೈ ತೊಳೀತಾವ್ರೆ ಎಂದು ನಾನೂ ಹೇಳುತ್ತಿದ್ದೆ.

ಒಂದು ಸಂಜೆ ಧೈರ್ಯ ಮಾಡಿ ಹುಳದ ಮಾತನ್ನೂ ಕೇಳಿದೆ. ದಿನಾ ಅಷ್ಟೊಂದು ಜೀವ ಬೇಯಿಸುವಾಗ ಏನೂ ಅನ್ನಿಸುವುದಿಲ್ಲವೇ?

"ಅನ್ನಿಸ್ದೆ ಏನು? ಮೊದಮೊದಲು ಕಣ್ಣು ಮುಚ್ಕೊಂಡು ಹಾಕ್ತಿದ್ದೆ. ಈಗ ಬಿಸ್ಮಿಲ್ಲಾ ಅಂತ ಹಾಕ್ತೀನಿ, ಮೇಲಿರೋ ಅವನು ಕೇಳ್ದಾಗ ಹೊಟ್ಟೆಪಾಡು ಅಂತ ಹೇಳ್ತೀನಿ. ನಿಮ್ಮೋರು ಕೇಳಿದ್ರೆ ನೀವೇನ್ ಹೇಳ್ತೀರಾ? ಪೂಜೆಗೆ ಉಡೋ ಮಡಿಸೀರೆ ಹತ್ತಿ ನೂಲಿಂದಾ?" ಎಂದು ನಕ್ಕರು. ನನ್ನ ಪೆಟ್ಟಿಗೆಯಲ್ಲಿ ಅಮ್ಮ ಕೊಟ್ಟ ರೇಷ್ಮೆ ಸೀರೆ ಮಡಿಸಿಟ್ಟಿತ್ತು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಬಹಳ ಯೋಚನೆ ಮಾಡಿದ ಮೇಲೆ ಖೈರಮ್ಮನೇ ಒಂದು ದಿನ ಅಂದರು, "ಈದ್ ದಿನ ಉಪವಾಸ ಇರಲ್ಲ. ಹಗಲು ತಿನ್ಬಹುದು, ತಿನ್ಲೇಬೇಕು. ಹೊಸ ಮಡಕೆ ತರ್ತೀನಿ. ಶಾವಿಗೆ, ಹಾಲು, ಸಕ್ಕರೆ, ತುಪ್ಪ, ಖರ್ಜೂರ. ಗಡ್ಡೆ ಗಿಡ್ಡೆ ಏನೂ ಇರಲ್ಲ. ನೀರು ಸೋಸಿ ಹಾಕ್ತೀನಿ. ಎಲೆ ಮೇಲೆ ಬಡಿಸ್ತೀನಿ. ಮಧ್ಯಾಹ್ನ ಬರ್ತೀರಾ? ಒಟ್ಟಿಗೆ ತಿನ್ನಣ."

ಆ ಒಂದು ಮಾತಿಗಾಗಿ ನಾನು ಜೂನಿನಿಂದ ಕಾಯುತ್ತಿದ್ದೆ ಎಂದು ಆ ಕ್ಷಣದಲ್ಲಿ ಗೊತ್ತಾಯಿತು. ಬರುತ್ತೇನೆ ಎಂದೆ. ಆ ಷೆಡ್ಡಿನಲ್ಲಿ ಕೂತು ಉಣ್ಣುವುದನ್ನು ಅಪ್ಪನಿಗೆ ಹೇಗೆ ಹೇಳುವುದು ಎಂದು ಒಂದು ಸಲ ಮನಸ್ಸು ಅಳುಕಿತು, ನಿಜ. ಆದರೆ ಬರುತ್ತೇನೆ ಎಂದು ಆಗಿತ್ತು.

ಆ ವರ್ಷ ಯುಗಾದಿಯ ಚಂದ್ರನೂ ಈದಿನ ಚಂದ್ರನೂ ಒಂದೇ. ಹಬ್ಬದ ಮಾರನೆಯ ದಿನ ಹೊಸ ಚಂದ್ರನನ್ನು ನೋಡಿ ಹಿರಿಯರಿಗೆ ನಮಸ್ಕಾರ ಮಾಡಬೇಕು ಎಂದು ನಾರಾಯಣಮ್ಮ, ಅದೇ ಚಂದ್ರ ಕಂಡರೆ ಮಾರನೆಯ ದಿನ ಈದ್ ಎಂದು ಖೈರಮ್ಮ, ಇಬ್ಬರೂ ಅಮಾವಾಸ್ಯೆ ಯಾವಾಗ ಎಂದು ನನ್ನನ್ನೇ ಕೇಳುತ್ತಿದ್ದರು. ನನ್ನ ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ಹೊಂಗೆಮರಗಳು ಚಿಗುರಿದ್ದವು. ನಾರಾಯಣಮ್ಮನ ಹುಳಗಳು ಹಣ್ಣಾಗಿ ಗೂಡು ಕಟ್ಟಲು ಹತ್ತಿದ್ದವು. ಪರೀಕ್ಷೆ ಮುಗಿದ ದಿನ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು ಸಂತೋಷದಿಂದ ಹೇಳಿದರು, "ನೋಡಿ, ನಿಮ್ಮ ಹಾಸನದ ವರ್ಗ ಆಗಿದೆ. ಬೇಸಿಗೆ ರಜೆ ಶುರುವಾಗೋಕೆ ಮುಂಚೆ ಅಲ್ಲಿ ಹಾಜರಾಗಬೇಕಂತೆ. ಇಲ್ಲದಿದ್ದರೆ ಆರ್ಡರು ರದ್ದು."

ಲೆಕ್ಕ ಹಾಕಿದೆ. ಅಮಾವಾಸ್ಯೆಯ ಸಂಜೆಯ ಗಾಡಿಯನ್ನೇ ಹಿಡಿಯಬೇಕು. ಯುಗಾದಿಗೂ ಇಲ್ಲ, ಈದಿಗೂ ಇಲ್ಲ. ಬೇಡವೆಂದು ಬರೆದುಬಿಡಲೇ ಎಂದು ಒಂದು ರಾತ್ರಿಯೆಲ್ಲ ಯೋಚಿಸಿದೆ. ಅಷ್ಟರಲ್ಲಿ ಹಾಸನದ ಕಚೇರಿಯಿಂದಲೇ ಸುದ್ದಿ ತಿಳಿದ ಅಪ್ಪ ಅಮ್ಮನ ಸಂಭ್ರಮದ ಕಾಗದ ಬಂದಿತ್ತು. ವರ್ಷದಿಂದ ಮಗಳು ಒಬ್ಬಳೇ ಇದ್ದಾಳೆ ಎಂದು ಕೊರಗಿದವರು ಅವರು. ಗೋಡೆಯಾಚೆಯ ಒಬ್ಬ ಹೆಂಗಸಿನ ಜೊತೆ ಒಂದು ಹೊತ್ತು ಪಾಯಸ ತಿನ್ನುವುದಕ್ಕಾಗಿ ಇಲ್ಲೇ ಉಳಿಯುತ್ತೇನೆ ಎಂದು ಯಾವ ಮುಖ ಹೊತ್ತು ಹೇಳಲಿ?

ಸಂಜೆ ಗೋಡೆಯ ಹತ್ತಿರ ವಿಷಯ ತಿಳಿಸಿದೆ. ಮಸೀದಿಯ ಕೂಗು ಆಯಿತು, ಆದರೂ ಖೈರಮ್ಮ ಎದ್ದು ಹೋಗಲಿಲ್ಲ. "ಒಳ್ಳೇದಾಯ್ತಲ್ಲ, ಅಪ್ಪ ಅಮ್ಮನ ಹತ್ರ ಇರ್ತೀರಿ," ಎಂದರು. ಆಮೇಲೆ, "ಹೋಗೋ ದಿನ ನಾಲ್ಕು ಗಂಟೆಗೆ ಬನ್ನಿ. ಪಾಯ್ಸ ಮಾಡ್ತೀನಿ," ಎಂದರು.

"ನಿಮ್ಮ ಉಪವಾಸ ಇರುತ್ತಲ್ಲ."

"ನನಗಿರ್ತದೆ. ನಿಮಗೇನು?"

ಅಮಾವಾಸ್ಯೆಯ ದಿನ ಸಾಮಾನು ಕಟ್ಟಿಟ್ಟು ಹೊರಟೆ. ಒಂದೇ ಗೋಡೆ ಹಂಚಿಕೊಂಡಿದ್ದರೂ ಷೆಡ್ಡಿನ ಬಾಗಿಲು ಬೇರೆ ಬೀದಿಗಿತ್ತು, ಸುತ್ತಿಕೊಂಡು ಹೋಗಬೇಕು. ವರ್ಷದಲ್ಲಿ ಒಂದು ಸಲವೂ ಆ ಬೀದಿಗೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಗಸರು ನನ್ನನ್ನು ನೋಡಿ ಸೆರಗು ಎಳೆದುಕೊಂಡು ದಾರಿ ಬಿಟ್ಟರು. ಖೈರಮ್ಮ ತಮ್ಮ ಮೂಲೆಯನ್ನು ತೊಳೆದು, ಬಾಣಲೆಯನ್ನು ಬೋರಲು ಹಾಕಿ, ಒಂದು ಹೊಸ ಚಾಪೆ ಹಾಸಿದ್ದರು. ಸ್ನಾನ ಮಾಡಿ ಬಿಳಿ ಸೀರೆ ಉಟ್ಟಿದ್ದರು. ಒಲೆಯ ಮೇಲೆ ಹೊಸ ಮಡಕೆ. ಮುತ್ತುಗದ ಎಲೆಯ ದೊನ್ನೆಯಲ್ಲಿ ಪಾಯಸ ಹಾಕಿ ನನ್ನ ಮುಂದಿಟ್ಟು ಎದುರಿಗೆ ಕೂತರು.

"ಉಪವಾಸದಾಗೆ ರುಚಿ ನೋಡೋ ಹಾಗಿಲ್ಲ ಟೀಚರಮ್ಮ. ಅಂದಾಜಿನಾಗೆ ಮಾಡಿದ್ದೀನಿ. ನೋಡಿ ಹೇಳಿ."

ಒಂದು ಚಮಚ ಬಾಯಿಗಿಟ್ಟೆ. ಸಕ್ಕರೆಯೇ ಇರಲಿಲ್ಲ. ಹಾಲಿತ್ತು, ಶಾವಿಗೆ ಇತ್ತು, ತುಪ್ಪದಲ್ಲಿ ಹುರಿದ ಖರ್ಜೂರದ ಚೂರೂ ಇತ್ತು. ಸಕ್ಕರೆಯ ಪೊಟ್ಟಣ ಒಲೆಯ ಹಿಂದಿನ ಗೂಡಿನಲ್ಲಿ ಕಟ್ಟಿದ ದಾರ ಬಿಚ್ಚದೆ ಹಾಗೇ ಕೂತಿತ್ತು. ಬೆಳಗಿನಿಂದ ನೀರೂ ಕುಡಿಯದ ತಲೆ, ಅದರಲ್ಲೂ ಬಿಸಿಲು, ಹಾಕುವುದನ್ನೇ ಮರೆತಿದ್ದರು. ಹೇಳಿದ್ದರೆ ಒಂದು ನಿಮಿಷದ ಕೆಲಸ. ಅವರ ಮುಖ ನೋಡಿ ಇನ್ನೊಂದು ಚಮಚ ಬಾಯಿಗಿಟ್ಟೆ.

"ಹೆಂಗಿದೆ? ಸಿಹಿ ಸಾಕಾ?"

"ಸಾಕು. ಬಹಳ ಚೆನ್ನಾಗಿದೆ."

"ಇನ್ನೊಂಚೂರು ಹಾಕ್ಲಾ?"

"ಹಾಕಿ," ಎಂದೆ. ಎರಡನೆಯ ದೊನ್ನೆಯನ್ನೂ ತಳದವರೆಗೆ ತಿಂದೆ. ಅವರು ಒಣಗಿದ ತುಟಿಯಲ್ಲಿ ನಗುತ್ತ ನಾನು ತಿನ್ನುವುದನ್ನೇ ನೋಡುತ್ತಿದ್ದರು. ಆ ಷೆಡ್ಡಿನ ವಾಸನೆ ಸುತ್ತ ಹಾಗೇ ಇತ್ತು. ನಾನು ಹಾಸನ ಬಿಟ್ಟು ಬಂದ ಮೇಲೆ ಇನ್ನೊಬ್ಬರು ಎದುರಿಗೆ ಕೂತು ನನಗೆ ಬಡಿಸಿದ ಮೊದಲ ಊಟ ಅದು. ಉಳಿದ ಪಾಯಸದ ಮಡಕೆಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. "ಇದು ನನಗೆ. ಇವತ್ತು ಇದರಾಗೇ ಉಪವಾಸ ಬಿಡ್ತೀನಿ. ಒಟ್ಟಿಗೆ ಕೂರೋಕೆ ಆಗ್ಲಿಲ್ಲ, ಒಂದೇ ಮಡಕೇದಾದ್ರೂ ಆಗ್ಲಿ." ಹೊರಡುವಾಗ ಆ ಸುಕ್ಕುಗಟ್ಟಿದ ಬೆರಳುಗಳಿಂದ ನನ್ನ ಕೆನ್ನೆ ಸವರಿ, ದೃಷ್ಟಿ ತೆಗೆದು ನೆಟಿಗೆ ಮುರಿದರು.

ಗಾಡಿ ಪುಟ್ಟ ಗೇಜಿನದು, ನಡೆದು ಹೋಗುವವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ. ಚಿಕ್ಕಬಳ್ಳಾಪುರದಲ್ಲಿ ಬಹಳ ಹೊತ್ತು ನಿಂತಿತು. ನಂದಿ ಹತ್ತಿರ ಬರುವಾಗ ಬೆಟ್ಟದ ಹಿಂದೆ ಹೊತ್ತು ಮುಳುಗಿತು. ಎಲ್ಲೋ ದೂರದ ಊರಿನಿಂದ ಮಸೀದಿಯ ಕೂಗು ಗಾಳಿಯಲ್ಲಿ ತೇಲಿ ಬಂತೋ, ನಾನೇ ಕೇಳಿಸಿಕೊಂಡೆನೋ ಗೊತ್ತಿಲ್ಲ. ಈಗ ಮಡಕೆಯ ಮುಚ್ಚಳ ತೆಗೆದಿರುತ್ತಾರೆ. ಈಗ ಮೊದಲ ತುತ್ತು. ಸಪ್ಪೆ ಎಂದು ಅವರಿಗೆ ಈಗ ಗೊತ್ತಾಗಿರುತ್ತದೆ. ಸಿಹಿ ಸಾಕು ಎಂದು ಹೇಳಿ ಎರಡು ಸಲ ಹಾಕಿಸಿಕೊಂಡು ತಿಂದೆ ಎಂದೂ ಗೊತ್ತಾಗಿರುತ್ತದೆ. ಬಿಟ್ಟುಬಂದ ಊರಿನಲ್ಲಿ ಒಬ್ಬರು ಆ ಹೊತ್ತಿನಲ್ಲಿ ನನ್ನನ್ನೇ ನೆನೆಯುತ್ತಿದ್ದಾರೆ ಎಂದು ನನಗೆ ಖಂಡಿತವಾಗಿ ತಿಳಿದಿದ್ದ ಗಳಿಗೆ ಜೀವನದಲ್ಲಿ ಅದೊಂದೇ. ಕಣ್ಣು ಒರೆಸಿಕೊಂಡೆ.

ಎದುರು ಸೀಟಿನಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಗಂಟು ಬಿಚ್ಚಿ ಚಿತ್ರಾನ್ನದ ಪೊಟ್ಟಣ ತೆಗೆದರು. ಒಬ್ಬಳೇ ಹೋಗುವ ಹುಡುಗಿ ಅಳುತ್ತಿರುವುದನ್ನು ಕಂಡು ಒಂದು ಪಾಲು ಎಲೆಯ ತುಂಡಿಗೆ ಹಾಕಿ ನನ್ನ ಕಡೆ ನೀಡಿದರು.

"ತಗೊಳ್ಳಮ್ಮ, ಹೊತ್ತಾಯ್ತು. ಊಟ ಮಾಡಿದ್ಯೋ ಇಲ್ವೋ?"

"ಆಯ್ತಮ್ಮ," ಎಂದೆ. "ಈಗ ತಾನೇ ನಮ್ಮಿಬ್ಬರದೂ ಆಯ್ತು."

ಆಕೆ ನೀಡಿದ ಕೈಯನ್ನು ಹಾಗೇ ಹಿಡಿದು, ನನ್ನ ಪಕ್ಕದ ಖಾಲಿ ಜಾಗವನ್ನು ನೋಡಿದರು.